ಸೈಡ್ ಸ್ಕ್ಯಾನ್ ಇದೆ, ಮೀನು ಮಾತ್ರ ಕಾಣುತ್ತಿಲ್ಲ: ಆಳದ ನೀರಿನಲ್ಲಿ ದೋಷ ಹುಡುಕುವುದು ಹೇಗೆ

ಸೈಡ್ ಸ್ಕ್ಯಾನ್ ಸೋನಾರ್ ಅಂದರೆ ದೋಣಿಯ ಎರಡೂ ಬದಿಗೆ ಶಬ್ದ ಕಳಿಸಿ, ಪ್ರತಿಧ್ವನಿಯಿಂದ ನೀರೊಳಗಿನ ಚಿತ್ರ ಬರೆಯುವ ಮಷಿನ್. ಆಳ ಕಡಿಮೆ ಇರುವ ಕಡೆ ಅದು ಫೋಟೊ ತೆಗೆದ ಹಾಗೆ ತೋರಿಸುತ್ತದೆ. ಮುಳುಗಿದ ಮರದ ಕೊಂಬೆಗಳನ್ನು ಎಣಿಸಬಹುದು. ಅದೇ ಮಷಿನ್ ಹಾಕಿಕೊಂಡು 40 ಮೀಟರ್ ಆಳದ ಸರೋವರಕ್ಕೆ ಹೋಗಿ, ಪರದೆ ತುಂಬ ಕತ್ತಲು. ಆಗ ಎಲ್ಲರೂ ಮಾಡುವ ಮೊದಲ ಕೆಲಸ ವೈರ್ ಕೀಳುವುದು. ನಾನೂ ಅದನ್ನೇ ಮಾಡಿದ್ದೆ. ಅರ್ಧ ದಿನ ಕನೆಕ್ಟರ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ, ಕೊನೆಗೆ ನೋಡಿದರೆ ರೇಂಜ್ (ಪ್ರತಿ ಬದಿಗೆ ಎಷ್ಟು ದೂರ ನೋಡಬೇಕು ಅನ್ನುವ ಸೆಟ್ಟಿಂಗ್) 30 ಮೀಟರ್‌ಗೆ ನಿಂತಿತ್ತು, ದೋಣಿಯ ಕೆಳಗೆ ನೀರು 38 ಮೀಟರ್ ಇತ್ತು. ತಳಕ್ಕೆ ಹೋದ ಶಬ್ದ ವಾಪಸ್ ಬರುವ ಮೊದಲೇ ಮಷಿನ್ ಕಿವಿ ಮುಚ್ಚಿಕೊಳ್ಳುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ.

ಹಾಗಾಗಿ ಇಲ್ಲಿನ ಕ್ರಮ ಹೀಗಿದೆ: ಮೊದಲು ಸೆಟ್ಟಿಂಗ್, ಆಮೇಲೆ ದೋಣಿಯ ವೇಗ, ಆಮೇಲೆ ಟ್ರಾನ್ಸ್‌ಡ್ಯೂಸರ್ (ನೀರಿನೊಳಗೆ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಭಾಗ) ಕೂರಿಸಿದ ರೀತಿ, ಕೊನೆಗೆ ವೈರ್ ಮತ್ತು ಬ್ಯಾಟರಿ. ದುಡ್ಡು ಖರ್ಚಾಗುವುದು ಕೊನೆಯ ಹಂತಕ್ಕೆ ಬಂದಾಗ ಮಾತ್ರ. ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಶುರು ಮಾಡುವ ಮುನ್ನ ಪರದೆಯ ಮೂಲೆಯಲ್ಲಿರುವ ಎರಡು ಅಂಕಿ ನೋಡಿ: ಆಳ ಮತ್ತು ನೀರಿನ ಉಷ್ಣಾಂಶ. ಹೆಚ್ಚಿನ ಮಾದರಿಗಳಲ್ಲಿ ಎರಡೂ ಬರುವುದು ಟ್ರಾನ್ಸ್‌ಡ್ಯೂಸರ್‌ನಿಂದಲೇ. ಅಂಕಿಗಳು ನಂಬುವ ಹಾಗಿದ್ದರೆ ಕೇಬಲ್‌ಗೆ ಜೀವ ಇದೆ ಅಂತ ಅರ್ಥ. ಪಕ್ಕಕ್ಕೆ ನೋಡುವ ಭಾಗಗಳು ಒಳಗೆ ಬೇರೆಯೇ ಇರುತ್ತವೆ, ಆದ್ದರಿಂದ ಅವೂ ಸರಿ ಇವೆ ಅನ್ನುವ ಗ್ಯಾರಂಟಿ ಇದರಿಂದ ಸಿಗುವುದಿಲ್ಲ. ಆದರೂ ಒಂದು ಸೆಕೆಂಡಿನ ಪರೀಕ್ಷೆಗೆ ಇಷ್ಟು ಸಿಕ್ಕರೆ ಸಾಕಲ್ವಾ?

ಪರದೆಯಿಡೀ ಕಪ್ಪು, ತಳವೇ ಇಲ್ಲ

ಪರದೆಯ ಮಧ್ಯದಲ್ಲಿ ಕಾಣುವ ಕಪ್ಪು ಪಟ್ಟಿ ಬರೀ ನೀರು. ದೋಣಿಯಿಂದ ಹೊರಟ ಶಬ್ದ ತಳ ಮುಟ್ಟುವವರೆಗೆ ಏನೂ ತಗುಲುವುದಿಲ್ಲ, ಆದ್ದರಿಂದ ಮಧ್ಯದಿಂದ ಒಂದು ಬದಿಗೆ ಆ ಪಟ್ಟಿಯ ಅಗಲ ಅಂದರೆ ನೀರಿನ ಆಳ. ಆಳ 5 ಮೀಟರ್ ಇದ್ದು ರೇಂಜ್ 40 ಇದ್ದರೆ ಪಟ್ಟಿ ತೆಳ್ಳಗಿರುತ್ತದೆ, ಉಳಿದದ್ದೆಲ್ಲ ತಳ. ಆಳ 40 ಆದರೆ ಅದೇ ಪಟ್ಟಿ ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿಕೊಳ್ಳುತ್ತದೆ. ಮಷಿನ್ ಸರಿಯಾಗೇ ಕೆಲಸ ಮಾಡುತ್ತಿದೆ, ನೀರು ತೋರಿಸು ಅಂದದ್ದಕ್ಕೆ ನೀರು ತೋರಿಸಿದೆ ಅಷ್ಟೆ.

ಮಾಡಬೇಕಾದ್ದು ಸುಲಭ. ರೇಂಜನ್ನು ಆಳದ ಎರಡರಿಂದ ಮೂರು ಪಟ್ಟು ಇಡಿ. 40 ಮೀಟರ್ ಆಳಕ್ಕೆ ಪ್ರತಿ ಬದಿಗೂ 80ರಿಂದ 120 ಮೀಟರ್. ರೇಂಜ್ ಆಟೊದಲ್ಲಿ ಇದ್ದರೆ ಕೈಯಿಂದಲೇ ಬದಲಿಸಿ, ಆಟೊ ಕೆಲವೊಮ್ಮೆ ಹಿಂದಿನ ಆಳಕ್ಕೇ ಅಂಟಿಕೊಂಡಿರುತ್ತದೆ.

ಜೊತೆಗೆ ಫ್ರೀಕ್ವೆನ್ಸಿ ನೋಡಿ. 1.2 ಮೆಗಾಹರ್ಟ್ಸ್ ಚಿತ್ರ ಬಹಳ ಚೂಪು, ಆದರೆ ದೂರ ಹೋಗುವುದಿಲ್ಲ, ಎಷ್ಟೋ ಮಷಿನ್‌ಗಳಲ್ಲಿ 40 ಮೀಟರ್ ಆಚೆಗೆ ಮಂಕಾಗುತ್ತಾ ಹೋಗುತ್ತದೆ. 800 ಕಿಲೊಹರ್ಟ್ಸ್ ನಡುವಿನದು. ಆಳದ ನೀರಿಗೆ 455 ಕಿಲೊಹರ್ಟ್ಸ್ ಬೇಕು. ಚಿತ್ರ ಸ್ವಲ್ಪ ಒರಟಾಗುತ್ತದೆ, ಆದರೆ ಕಾಣುವುದಾದರೂ ಕಾಣುತ್ತದೆ.

ಇಷ್ಟು ಮಾಡಿದ ಮೇಲೆ ತಳ ಬಂತೇ? ಬಂದರೆ ಮುಂದಿನ ಭಾಗಕ್ಕೆ ಹೋಗಿ. ಬರದಿದ್ದರೆ ಆಳ 5–6 ಮೀಟರ್ ಇರುವ ದಡದ ಹತ್ತಿರ ಬನ್ನಿ, ರೇಂಜ್ 25ಕ್ಕೆ ಇಳಿಸಿ ನೋಡಿ. ಅಲ್ಲಿ ಚಿತ್ರ ಬಂದರೆ ಮಷಿನ್ ಚೆನ್ನಾಗಿದೆ, ತೊಂದರೆ ಇರುವುದು ಆಳದಲ್ಲಿ. ಅಲ್ಲೂ ಬರದಿದ್ದರೆ ಆಗ ಟ್ರಾನ್ಸ್‌ಡ್ಯೂಸರ್ ಮೇಲೆ ಅನುಮಾನ ಪಡಿ. ನನ್ನ ಪ್ರಕಾರ ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಉಪಯೋಗದ ಪರೀಕ್ಷೆ ಇಲ್ಲ. ಪುಕ್ಕಟೆ ಬೇರೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೃತ್ತಿಪರ ಸರ್ವೆಯವರು ಆಳದ ತಳ ನೋಡಬೇಕಾದರೆ ಸೋನಾರನ್ನು ದೋಣಿಗೆ ಕಟ್ಟುವುದಿಲ್ಲ. ಉದ್ದ ಕೇಬಲ್‌ನಲ್ಲಿ ಇಳಿಬಿಟ್ಟು, ತಳದ ಹತ್ತಿರ ಎಳೆದುಕೊಂಡು ಹೋಗುತ್ತಾರೆ. ಸಾಮಾನ್ಯ ಲೆಕ್ಕ ಅಂದರೆ ರೇಂಜಿನ ಶೇ. 10ರಿಂದ 20ರಷ್ಟು ಎತ್ತರ, ಅಂದರೆ 50 ಮೀಟರ್ ರೇಂಜಿಗೆ ತಳದಿಂದ 5ರಿಂದ 10 ಮೀಟರ್ ಮೇಲೆ. ಓರೆಯಾಗಿ ನೋಡಿದರೆ ತಾನೆ ನೆರಳು ಬೀಳುವುದು. ನಾವು 40 ಮೀಟರ್ ಮೇಲೆ ಕೂತು ನೆತ್ತಿಯ ಮೇಲಿನಿಂದ ನೋಡುತ್ತಿದ್ದೇವೆ, ನಡುಮಧ್ಯಾಹ್ನದ ಬಿಸಿಲಿನ ಹಾಗೆ. ಹಾಗಾಗಿ ಆಳದ ಸರೋವರದಲ್ಲಿ ದೋಣಿಗೆ ಕಟ್ಟಿದ ಸೈಡ್ ಸ್ಕ್ಯಾನ್‌ನಿಂದ ತಳಕ್ಕೆ ಅಂಟಿಕೊಂಡ ಮೀನು ಹುಡುಕುವುದು ವ್ಯರ್ಥ ಪ್ರಯತ್ನ. ಅದಕ್ಕೆ 83 ಅಥವಾ 50 ಕಿಲೊಹರ್ಟ್ಸ್‌ನಲ್ಲಿ ನೇರ ಕೆಳಗೆ ನೋಡುವ ಸಾದಾ ಸೋನಾರೇ ಒಳ್ಳೆಯದು. ಸೈಡ್ ಸ್ಕ್ಯಾನ್ ಇಲ್ಲಿ ಗೆಲ್ಲುವುದು ನಡುನೀರಿನಲ್ಲಿ ತೇಲುವ ಗುಂಪುಗಳನ್ನೂ ಕಡಿದಾದ ಏರಿನ ಪಕ್ಕದ ಮೀನನ್ನೂ ಹುಡುಕುವಾಗ.

ತಳ ಕಾಣುತ್ತದೆ, ಮೀನು ಕಾಣುವುದಿಲ್ಲ

ಮೊದಲು ಏನನ್ನು ಹುಡುಕುತ್ತಿದ್ದೀರಿ ಅನ್ನುವುದು ಗೊತ್ತಿರಲಿ. ಸಾದಾ ಸೋನಾರ್‌ನಲ್ಲಿ ಮೀನು ಕಮಾನಿನ ಹಾಗೆ ಕಾಣುತ್ತದೆ. ಸೈಡ್ ಸ್ಕ್ಯಾನ್‌ನಲ್ಲಿ ಕಮಾನು ಬರುವುದಿಲ್ಲ. ಅಕ್ಕಿಕಾಳು ಚೆಲ್ಲಿದ ಹಾಗೆ ಸಣ್ಣ ಬಿಳಿ ಚುಕ್ಕಿಗಳು, ಸ್ವಲ್ಪ ಆಚೆಗೆ ಕಪ್ಪು ನೆರಳಿನ ಚುಕ್ಕಿಗಳು. ಮೀನಿನ ದೇಹ ಹೆಚ್ಚುಕಡಿಮೆ ನೀರಿನಂಥದ್ದೇ, ಶಬ್ದ ಅದನ್ನು ದಾಟಿಹೋಗುತ್ತದೆ. ಪ್ರತಿಧ್ವನಿಯ ದೊಡ್ಡ ಪಾಲು ಬರುವುದು ಒಳಗಿನ ಗಾಳಿಚೀಲದಿಂದ. ಗಾಳಿಚೀಲ ಇಲ್ಲದ ಜಾತಿಯ ಮೀನು ಎಷ್ಟು ದೊಡ್ಡದಿದ್ದರೂ ಮಂಕಾಗೇ ಕಾಣುತ್ತದೆ.

ಈಗ ಪಿಕ್ಸೆಲ್ ಲೆಕ್ಕ. ಪರದೆಯ ಅಗಲ 1,024 ಪಿಕ್ಸೆಲ್ ಅಂದುಕೊಳ್ಳಿ. ಎರಡೂ ಬದಿ ತೋರಿಸಿದರೆ ಒಂದು ಬದಿಗೆ 512. ರೇಂಜ್ 100 ಮೀಟರ್ ಇಟ್ಟರೆ ಒಂದು ಪಿಕ್ಸೆಲ್‌ಗೆ ಸುಮಾರು 20 ಸೆಂಟಿಮೀಟರ್. ದೋಣಿಯ ಕಡೆ ಮುಖ ಮಾಡಿ ನಿಂತ 40 ಸೆಂಟಿಮೀಟರ್ ಮೀನು ಆ ಪರದೆಯಲ್ಲಿ ಎರಡು ಪಿಕ್ಸೆಲ್! ಅದನ್ನು ಕಣ್ಣು ಹಿಡಿಯುವುದಿಲ್ಲ. ಮೇಲಿನ ಭಾಗದಲ್ಲಿ ರೇಂಜ್ ಜಾಸ್ತಿ ಮಾಡಿ ಅಂದೆ, ಅದರ ಬೆಲೆ ಇದು. ಇದಕ್ಕೊಂದು ಒಳ್ಳೆ ಉಪಾಯ ಇದೆ: ಮೆನುವಿನಲ್ಲಿ ಒಂದೇ ಬದಿ, ಎಡ ಅಥವಾ ಬಲ, ಆರಿಸಿಕೊಳ್ಳಿ. ಇಡೀ ಪರದೆ ಆ ಬದಿಗೇ ಸಿಗುತ್ತದೆ, ಮೀನು ಎರಡು ಪಟ್ಟು ಉದ್ದ ಕಾಣುತ್ತದೆ. ದಡದ ಇಳಿಜಾರಿನ ಉದ್ದಕ್ಕೆ ಹೋಗುವಾಗ ನಾನು ಯಾವಾಗಲೂ ಹೀಗೇ ಮಾಡುತ್ತೇನೆ.

ತಳದ ಆಸೆ ಬಿಟ್ಟು ನಡುನೀರಿನ ಗುಂಪು ಮಾತ್ರ ಸಾಕು ಅಂದರೆ ಇನ್ನೂ ಒಳ್ಳೆಯದು. ಬೇಕೆಂದೇ ರೇಂಜನ್ನು ಆಳಕ್ಕಿಂತ ಕಡಿಮೆ ಇಡಿ, 30 ಮೀಟರ್ ಸಾಕು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕಿಗಳು ಎದ್ದು ಕಾಣುತ್ತವೆ. ಮೊದಲು ನನ್ನ ತಲೆ ಕೆಡಿಸಿದ ಕತ್ತಲು ಈಗ ನನ್ನ ಇಷ್ಟದ ಸೆಟ್ಟಿಂಗ್.

ಆಮೇಲೆ ವೇಗ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ. 60 ಮೀಟರ್ ರೇಂಜಿಗೆ ಹೋಗಿ ಬರಲು 120 ಮೀಟರ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12 ಸಲ ಕೂಗು ಹಾಕಬಹುದು. ದೋಣಿ ಗಂಟೆಗೆ 5 ಕಿ.ಮೀ. ಹೋದರೆ ಎರಡು ಕೂಗಿನ ನಡುವೆ 11–12 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 15 ಕಿ.ಮೀ. ಹೋದರೆ 35. ಹತ್ತಿರದ ಮೀನಿಗೆ ಒಂದು ಕೂಗು ತಗುಲಿದರೆ ಪುಣ್ಯ. ಗಂಟೆಗೆ 4ರಿಂದ 7 ಕಿ.ಮೀ. ಒಳಗೆ, ನೇರ ಗೆರೆಯಲ್ಲಿ ಹೋಗಿ. ದೋಣಿ ನಿಂತೇ ಇದ್ದರೂ ಪ್ರಯೋಜನ ಇಲ್ಲ, ಒಂದೇ ಸಾಲು ಮತ್ತೆ ಮತ್ತೆ ಬರೆದು ಉದ್ದ ಪಟ್ಟೆ ಎಳೆದಂತೆ ಕಾಣುತ್ತದೆ.

ದೂರದ ಮೀನು ಯಾಕೆ ದೋಣಿ ಸಾಗುವ ದಿಕ್ಕಿಗೆ ಉದ್ದ ಗೆರೆಯ ಹಾಗೆ ಹಿಗ್ಗುತ್ತದೆ ಅಂತ ಕೇಳುವವರಿದ್ದಾರೆ. ಕಿರಣ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ. ಅದರ ದಪ್ಪ ಒಂದು ಡಿಗ್ರಿ ಅಂತ ಇಟ್ಟುಕೊಂಡರೂ 60 ಮೀಟರ್ ದೂರದಲ್ಲಿ ಒಂದು ಮೀಟರ್ ದಪ್ಪ ಆಗಿರುತ್ತದೆ. ಅದರೊಳಗೆ ಅಕ್ಕಪಕ್ಕ ಇರುವ ಮೂರು ಮೀನು ಒಂದೇ ಗೀರಾಗುತ್ತವೆ. ಇದು ದೋಷ ಅಲ್ಲ, ಹತ್ತಿರ ಹೋಗಿ.

ಸೆನ್ಸಿಟಿವಿಟಿ (ಎಷ್ಟು ಸಣ್ಣ ಪ್ರತಿಧ್ವನಿಯನ್ನೂ ತೋರಿಸಬೇಕು ಅನ್ನುವ ಸೆಟ್ಟಿಂಗ್) ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಿನ ಪಟ್ಟಿಯಲ್ಲಿ ಮೆಣಸಿನಪುಡಿ ಉದುರಿಸಿದ ಹಾಗೆ ಚುಕ್ಕಿ ಬರುವವರೆಗೆ ಏರಿಸಿ, ಅಲ್ಲಿಂದ ಒಂದೆರಡು ಹೆಜ್ಜೆ ಇಳಿಸಿ.

ಇಷ್ಟೆಲ್ಲ ಆದ ಮೇಲೂ ಖಾಲಿ ಅಂದರೆ ಮೀನು ಬೇರೆ ಆಳದಲ್ಲಿರಬಹುದು. ಬೇಸಿಗೆಯಲ್ಲಿ ಆಳದ ಸರೋವರದ ನೀರು ಪದರ ಕಟ್ಟುತ್ತದೆ: ಮೇಲೆ ಬೆಚ್ಚನೆ ನೀರು, ಕೆಳಗೆ ತಣ್ಣನೆ ನೀರು, ನಡುವೆ ಉಷ್ಣಾಂಶ ದಿಢೀರನೆ ಬೀಳುವ ಪದರ, ಅದೇ ಥರ್ಮೋಕ್ಲೈನ್. ಕೆಲವು ಸರೋವರಗಳಲ್ಲಿ ಅದರ ಕೆಳಗೆ ಆಮ್ಲಜನಕ ಕಡಿಮೆ, ಹಾಗಾಗಿ ಮೀನು ಆ ಪದರದ ಹತ್ತಿರವೇ ಸುಳಿದಾಡುತ್ತದೆ. ಸಾದಾ ಸೋನಾರ್‌ನ ಸೆನ್ಸಿಟಿವಿಟಿ ಏರಿಸಿದರೆ ಈ ಪದರ ಮಬ್ಬು ಗೆರೆಯಾಗಿ ಕಾಣುತ್ತದೆ. ಮೊದಲು ಆ ಆಳ ಗುರುತು ಮಾಡಿಕೊಂಡು ಆಮೇಲೆ ಸೈಡ್ ಸ್ಕ್ಯಾನ್‌ಗೆ ಬನ್ನಿ. ಈ ಪದರ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಬೆಚ್ಚನೆ ನೀರಿನಲ್ಲಿ ಶಬ್ದ ವೇಗವಾಗಿ ಹೋಗುತ್ತದೆ, ತಣ್ಣೀರಿನಲ್ಲಿ ನಿಧಾನ, ಆದ್ದರಿಂದ ಪಕ್ಕಕ್ಕೆ ಹೊರಟ ಕಿರಣ ಕೆಳಕ್ಕೆ ಬಾಗುತ್ತದೆ. ಬಿಸಿಲೇರಿದ ಮಧ್ಯಾಹ್ನ ದೂರದ ಚಿತ್ರ ಹಾಳಾಗಿ, ಅದೇ ಜಾಗ ಬೆಳಿಗ್ಗೆ ಚೆನ್ನಾಗಿ ಕಂಡಿದ್ದರೆ ಕಾರಣ ಇದಿರಬಹುದು. ಸುಮ್ನೆ ವೈರ್ ಬಿಚ್ಚಬೇಡಿ.

ಒಂದು ಬದಿ ಚೆನ್ನಾಗಿದೆ, ಇನ್ನೊಂದು ಮಂಕು

ಹೆಚ್ಚಿನ ಸಲ ಮೋಟರೇ ಅಡ್ಡ ಇರುತ್ತದೆ. ಟ್ರಾನ್ಸ್‌ಡ್ಯೂಸರ್ ದೋಣಿಯ ಹಿಂಬದಿಯಲ್ಲಿ, ಮೋಟರ್‌ನ ಪಕ್ಕದಲ್ಲಿ ಇರುತ್ತದೆ. ಕೆಳಗೆ ಇಳಿದ ಮೋಟರ್‌ನ ಕಾಲು ಆ ಬದಿಯ ಕಿರಣಕ್ಕೆ ಗೋಡೆಯಾಗುತ್ತದೆ. ಮೋಟರ್ ನಿಲ್ಲಿಸಿ, ಮೇಲಕ್ಕೆ ಎತ್ತಿ, ದೋಣಿ ತೇಲಿಕೊಂಡು ಹೋಗುವಾಗ ನೋಡಿ. ಎರಡೂ ಬದಿ ಸಮ ಆದರೆ ಟ್ರಾನ್ಸ್‌ಡ್ಯೂಸರನ್ನು ಇನ್ನಷ್ಟು ದೂರಕ್ಕೋ ಕೆಳಕ್ಕೋ ಸರಿಸಬೇಕು. ಏಣಿ, ದೋಣಿಯ ತಳದ ಉಬ್ಬುಗೆರೆಗಳು ಕೂಡ ಹೀಗೇ ಅಡ್ಡ ಬರುತ್ತವೆ.

ಅದಲ್ಲದಿದ್ದರೆ ವಾಲಿರಬೇಕು. ಟ್ರಾನ್ಸ್‌ಡ್ಯೂಸರ್ ಒಂದು ಕಡೆ ವಾಲಿದರೆ ಒಂದು ಕಿರಣ ತಳ ನೋಡುತ್ತದೆ, ಇನ್ನೊಂದು ನೀರಿನ ಮೇಲ್ಮೈ ನೋಡುತ್ತದೆ. ದೋಣಿ ಸಮ ನಿಂತಿರುವಾಗ ಮಟ್ಟ ಇಟ್ಟು ನೋಡಿ. ನಾಲ್ಕು ಜನ ಒಂದೇ ಬದಿಗೆ ಕೂತರೂ ಇದೇ ಆಗುತ್ತದೆ, ನಗಬೇಡಿ.

ಎಡದ ದಡ ಬಲಕ್ಕೆ ಕಾಣುತ್ತಿದ್ದರೆ ಟ್ರಾನ್ಸ್‌ಡ್ಯೂಸರ್ ಹಿಂದುಮುಂದಾಗಿದೆ. ಮೆನುವಿನಲ್ಲಿ ಬದಿ ಅದಲುಬದಲು ಮಾಡುವ ಆಯ್ಕೆ ಇದ್ದರೆ ಅಲ್ಲೇ ಮುಗಿಯಿತು.

ನಿಧಾನ ಹೋದರೆ ಸರಿ, ವೇಗ ಹೆಚ್ಚಿಸಿದರೆ ಚಿತ್ರ ಮಾಯ

ಗಾಳಿ. ಶಬ್ದಕ್ಕೆ ಗುಳ್ಳೆ ಅಂದರೆ ಗೋಡೆ. ದೋಣಿಯ ತಳದಿಂದ ಹರಿದುಬರುವ ಗುಳ್ಳೆಗಳು ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಹೊದಿಕೆ ಹಾಕುತ್ತವೆ, ಪರದೆಯಲ್ಲಿ ಮೇಲಿನಿಂದ ಕೆಳಗೆ ಬಿಳಿ ಮೋಡ ಕಾಣುತ್ತದೆ, ಆಳದ ಅಂಕಿ ಮಿಟುಕುತ್ತದೆ. ಹಾಗಾದಾಗ ಟ್ರಾನ್ಸ್‌ಡ್ಯೂಸರನ್ನು ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಸಿ, ಪ್ರತಿ ಸಲ ಓಡಿಸಿ ನೋಡಿ. ಒಂದೇ ಸಲ ಪೂರ್ತಿ ಇಳಿಸಿದರೆ ಕಲ್ಲಿಗೆ ಬಡಿದು ಮುರಿಯುತ್ತದೆ.

ಮುಖಕ್ಕೆ ಪಾಚಿ ಕಟ್ಟಿದ್ದರೂ ಹೀಗೇ ಆಗುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ. ಹೊಸದಾಗಿ ನೀರಿಗಿಳಿಸಿದ ದೋಣಿಯಲ್ಲಿ ಮುಖದ ಮೇಲೆ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ, ಒಮ್ಮೆ ಕೈಯಿಂದ ಸವರಿ. ಕೈ ಹಾಕುವ ಮೊದಲು ಮೋಟರ್ ಆಫ್ ಮಾಡಿ ಕೀ ತೆಗೆದಿರಬೇಕು, ಲೈಫ್ ಜಾಕೆಟ್ ಮೈಮೇಲಿರಬೇಕು. ದೋಣಿಯ ಹಿಂಬದಿಗೆ ಬಗ್ಗಿ ಒಬ್ಬರೇ ಈ ಕೆಲಸ ಮಾಡಬೇಡಿ, ಆಳದ ಸರೋವರದ ನೀರು ಎಷ್ಟು ತಣ್ಣಗಿರುತ್ತದೆ ಅನ್ನುವುದು ಬಿದ್ದ ಮೇಲೆ ಗೊತ್ತಾಗುತ್ತದೆ.

ಚುಕ್ಕಿಚುಕ್ಕಿ ಗೆರೆ, ಮಳೆ ಬಿದ್ದ ಹಾಗೆ

ಓರೆಯಾಗಿ, ಒಂದೇ ಅಂತರದಲ್ಲಿ ಚುಕ್ಕಿಗಳು ಬರುತ್ತಿದ್ದರೆ ಇನ್ನೊಂದು ಸೋನಾರ್ ಕೂಗುತ್ತಿದೆ. ನಿಮ್ಮದೇ ದೋಣಿಯ ಮುಂಭಾಗದಲ್ಲಿ ಎರಡನೆಯದಿದ್ದರೆ ಅದನ್ನು ಆಫ್ ಮಾಡಿ. ಪಕ್ಕದ ದೋಣಿಯವರದ್ದಾದರೆ ದೂರ ಹೋಗಿ, ಇಲ್ಲವೇ ಫ್ರೀಕ್ವೆನ್ಸಿ ಬದಲಿಸಿ.

ಅದಲ್ಲದಿದ್ದರೆ ವಿದ್ಯುತ್ ಗದ್ದಲ. ಮೋಟರ್, ಪಂಪ್, ಚಾರ್ಜರ್, ರೇಡಿಯೊ ಎಲ್ಲ ಆಫ್ ಮಾಡಿ ಸೋನಾರ್ ಒಂದನ್ನೇ ಬಿಡಿ. ಚಿತ್ರ ಸ್ವಚ್ಛ ಆದರೆ ಒಂದೊಂದೇ ಆನ್ ಮಾಡುತ್ತಾ ಬನ್ನಿ. ಯಾವುದು ಆನ್ ಆದಾಗ ಮಳೆ ಶುರುವಾಯಿತೋ ಅದೇ ಕಳ್ಳ. ಹೆಚ್ಚಾಗಿ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟರ್ (ದೋಣಿಯನ್ನು ನಿಧಾನ ಓಡಿಸುವ ಸಣ್ಣ ಮೋಟರ್) ಸಿಕ್ಕಿಬೀಳುತ್ತದೆ, ಅದೂ ಅರ್ಧ ವೇಗದಲ್ಲಿದ್ದಾಗ. ಟ್ರಾನ್ಸ್‌ಡ್ಯೂಸರ್ ಕೇಬಲನ್ನು ಮೋಟರ್‌ನ ಕೇಬಲ್‌ನಿಂದ ಬೇರೆ ದಾರಿಯಲ್ಲಿ ಎಳೆಯಿರಿ, ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ಆಮೇಲೆ ಪವರ್ ಕೇಬಲ್‌ಗೆ ಫೆರೈಟ್ (ವಿದ್ಯುತ್ ಗದ್ದಲ ತಡೆಯುವ ಉಂಗುರ) ಹಾಕಿ. ಅದೂ ಆಗದಿದ್ದರೆ ಸೋನಾರ್‌ಗೇ ಬೇರೆ ಸಣ್ಣ ಬ್ಯಾಟರಿ ಕೊಡಿ. ನನ್ನ ಕೇಳಿದರೆ ಮೊದಲೇ ಬೇರೆ ಬ್ಯಾಟರಿ ಕೊಡುವುದೇ ವಾಸಿ, ಅರ್ಧಕ್ಕರ್ಧ ಗೋಳು ತಪ್ಪುತ್ತದೆ.

ಚಿತ್ರ ತಿರುಚಿಕೊಳ್ಳುತ್ತದೆ, ಅಲೆಅಲೆಯಾಗಿ ಬರುತ್ತದೆ

ದೋಣಿ ತಿರುಗುವಾಗ ಒಳಬದಿ ಎಳೆದಂತಾಗಿ ಕಲಸಿಹೋಗುತ್ತದೆ, ಹೊರಬದಿ ಕುಗ್ಗಿದಂತಾಗುತ್ತದೆ. ತಿರುವಿನಲ್ಲಿ ಬಂದ ಚಿತ್ರ ನಂಬಬೇಡಿ. ಗಾಳಿಗೆ ದೋಣಿ ಹೊಯ್ದಾಡಿದರೆ ತಳದ ಅಂಚು ಅಲೆಯ ಹಾಗೆ ಕುಣಿಯುತ್ತದೆ. ರಿಪೇರಿ ಇಲ್ಲ, ಗಾಳಿ ನಿಲ್ಲಲಿ.

ಆಫ್ ಆಗಿ ಆನ್ ಆಗುತ್ತದೆ, ಅಥವಾ ಆಳದ ಅಂಕಿಯೇ ಇಲ್ಲ

ಎಷ್ಟೋ ಮಷಿನ್‌ಗಳು ಟ್ರಾನ್ಸ್‌ಡ್ಯೂಸರ್ ಸಿಗದಿದ್ದರೆ ಡೆಮೊಗೆ ಹೋಗಿಬಿಡುತ್ತವೆ, ಅಂದರೆ ಮೊದಲೇ ತುಂಬಿಟ್ಟ ಮಾದರಿ ಚಿತ್ರ ತೋರಿಸುತ್ತವೆ. ಪರಿಚಯದ ಒಬ್ಬರು ಅರ್ಧ ಗಂಟೆ ದೊಡ್ಡ ದೊಡ್ಡ ಮೀನು ನೋಡಿ ಕುಣಿದಾಡಿದ್ದರು, ದೋಣಿ ಇನ್ನೂ ಟ್ರೈಲರ್ ಮೇಲೇ ಇತ್ತು. ಡೆಮೊ ಅನ್ನುವ ಅಕ್ಷರ ಪರದೆಯಲ್ಲಿ ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಪ್ಲಗ್ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಪ್ಲಗ್ ಬಿಚ್ಚುವ ಮೊದಲು ಮಷಿನ್ ಆಫ್ ಮಾಡಿ. ಪಿನ್ ಬಾಗಿದೆಯೇ, ಹಸಿರು ಕಿಲುಬು ಹಿಡಿದಿದೆಯೇ, ಒಳಗೆ ನೀರಿದೆಯೇ ನೋಡಿ. ಒಣಗಿಸಿ, ನೇರವಾಗಿ ಒತ್ತಿ ಹಾಕಿ. ಬಲ ಹಾಕಿ ತಿರುಚಬೇಡಿ.

ಮಷಿನ್ ತಾನಾಗಿ ಆಫ್ ಆದರೆ ವೋಲ್ಟೇಜ್ ನೋಡಿ. ಮಲ್ಟಿಮೀಟರನ್ನು ಬ್ಯಾಟರಿ ತುದಿಗೆ ಅಲ್ಲ, ಮಷಿನ್ ಕಡೆಯ ತುದಿಗೆ ಇಡಿ. ತುಂಬಿದ ಲೆಡ್-ಆಸಿಡ್ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಹತ್ತಿರ ತೋರಿಸುತ್ತದೆ. ಮೋಟರ್ ಸ್ಟಾರ್ಟ್ ಮಾಡಿದ ಕ್ಷಣ ಇದು 11ಕ್ಕಿಂತ ಕೆಳಗೆ ಬಿದ್ದರೆ ಕೆಲವು ಮಷಿನ್‌ಗಳು ಕಣ್ಣು ಮುಚ್ಚುತ್ತವೆ. ಬ್ಯಾಟರಿ ತುದಿಯಲ್ಲಿ ಚೆನ್ನಾಗಿದ್ದು ಮಷಿನ್ ತುದಿಯಲ್ಲಿ ಕಡಿಮೆ ಇದ್ದರೆ ವೈರ್ ತೆಳು ಅಥವಾ ಜಾಯಿಂಟ್ ಕೊಳೆತಿದೆ.

ಇಲ್ಲಿಗೆ ನಿಲ್ಲಿಸಿ

ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹೋದರೆ ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕಿ ನೋಡೋಣ ಅನ್ನುವ ಬುದ್ಧಿ ಬೇಡ, ಫ್ಯೂಸ್ ಉಳಿದು ವೈರ್ ಸುಡುತ್ತದೆ. ಕೇಬಲ್ ಮುಟ್ಟಿದರೆ ಬಿಸಿ, ಸುಟ್ಟ ವಾಸನೆ, ಪರದೆಯ ಒಳಗೆ ಮಂಜು, ಇದರಲ್ಲಿ ಯಾವುದಿದ್ದರೂ ಬ್ಯಾಟರಿ ಕಳಚಿ ಸರ್ವಿಸ್‌ನವರಿಗೆ ಕೊಡಿ. ಟ್ರಾನ್ಸ್‌ಡ್ಯೂಸರ್ ಕೇಬಲ್ ತುಂಡಾಗಿದ್ದರೆ ಟೇಪ್ ಸುತ್ತಿ ಜೋಡಿಸಬೇಡಿ, ಒಳಗಿನ ಕವಚ ಸರಿಯಾಗಿ ಕೂಡದಿದ್ದರೆ ಗದ್ದಲ ಜೀವನಪೂರ್ತಿ ಕಾಡುತ್ತದೆ. ಪೆಟ್ರೋಲ್ ವಾಸನೆ ಇರುವಾಗ ಬ್ಯಾಟರಿ ತಂತಿ ಮುಟ್ಟಲೇಬೇಡಿ, ಒಂದು ಕಿಡಿ ಸಾಕು. ನೀರಿನ ಮಟ್ಟದ ಕೆಳಗೆ ದೋಣಿಗೆ ತೂತು ಕೊರೆಯುವ ಕೆಲಸವನ್ನು ಗೊತ್ತಿದ್ದವರಿಂದಲೇ ಮಾಡಿಸಿ.

ಮೀನು ಕಂಡಿತು, ಅಲ್ಲಿಗೆ ಹೋದರೆ ಏನೂ ಇಲ್ಲ

ಮಷಿನ್ ಸರಿ ಹೋದ ಮೇಲೆ ಶುರುವಾಗುವ ಗೋಳು ಇದು. ಪರದೆಯಲ್ಲಿ ಕಾಣುವ ದೂರ ಶಬ್ದ ಓಡಿದ ಓರೆ ದೂರ, ನೀರಿನ ಮೇಲಿನ ದೂರ ಅಲ್ಲ. 40 ಮೀಟರ್ ಆಳದ ತಳದಲ್ಲಿರುವ ವಸ್ತು 50 ಮೀಟರ್‌ನಲ್ಲಿ ಕಂಡರೆ ದೋಣಿಯಿಂದ ಅಡ್ಡಕ್ಕೆ 30 ಮೀಟರ್ ಮಾತ್ರ. ನೀವು 50 ಮೀಟರ್ ಹೋಗಿ ದಾರ ಬಿಟ್ಟರೆ 20 ಮೀಟರ್ ತಪ್ಪು. ಆಳ ಜಾಸ್ತಿ ಆದಷ್ಟೂ ಈ ಮೋಸ ಜಾಸ್ತಿ. ಜಿಪಿಎಸ್ ಆಂಟೆನಾ ದೋಣಿಯ ಮೂತಿಯಲ್ಲಿದ್ದು ಟ್ರಾನ್ಸ್‌ಡ್ಯೂಸರ್ ಬಾಲದಲ್ಲಿದ್ದರೆ ದೋಣಿಯಷ್ಟು ಉದ್ದದ ತಪ್ಪು ಇನ್ನೊಂದು.

ಮೀನು ಎಷ್ಟು ಆಳದಲ್ಲಿದೆ ಅನ್ನುವುದನ್ನು ನೆರಳು ಹೇಳುತ್ತದೆ. ಆಳ 20 ಮೀಟರ್, ಚುಕ್ಕಿ 30 ಮೀಟರ್‌ನಲ್ಲಿ, ಅದರ ನೆರಳು 40 ಮೀಟರ್‌ನಲ್ಲಿ ಅಂದುಕೊಳ್ಳಿ. 30ನ್ನು 40ರಿಂದ ಭಾಗಿಸಿ 20ರಿಂದ ಗುಣಿಸಿ: 15. ಮೀನು 15 ಮೀಟರ್ ಆಳದಲ್ಲಿ, ತಳದಿಂದ 5 ಮೀಟರ್ ಮೇಲೆ ಇದೆ. ತಳ ಸಮತಟ್ಟಾಗಿದ್ದರೆ ಈ ಲೆಕ್ಕ ಸರಿ ಬರುತ್ತದೆ. ನೆರಳು ಚುಕ್ಕಿಗೆ ಅಂಟಿಕೊಂಡೇ ಇದ್ದರೆ ಅದು ತಳದಲ್ಲಿದೆ.

ಹಿಡಿದು ಬಿಡುವ ಯೋಚನೆ ಇದ್ದರೆ ಒಂದು ವಿಷಯ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಅಲ್ಲಿಂದ ಬೇಗ ಎಳೆದರೆ ಗಾಳಿಚೀಲ ಉಬ್ಬಿ, ಎಷ್ಟೋ ಮೀನು ಬಿಟ್ಟರೂ ಬದುಕುವುದಿಲ್ಲ. ಅಂಥ ಆಳದ ಗುಂಪನ್ನು ನೋಡಿ ಸುಮ್ಮನಾಗುವುದು ಒಳ್ಳೆಯದು.

ಇನ್ನೂ ಅನುಮಾನ ಇದ್ದರೆ ಹತ್ತು ನಿಮಿಷ ಬಿಟ್ಟು ಅದೇ ಜಾಗದ ಮೇಲೆ ಅಡ್ಡ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋಗಿ. ಚುಕ್ಕಿಗಳು ಒಂದಿಷ್ಟು ಸರಿದಿದ್ದರೆ ಮೀನು. ಕೂದಲೆಳೆಯಷ್ಟೂ ಕದಲದೆ ಅಲ್ಲೇ ಇದ್ದರೆ ಅದು ಮುಳುಗಿದ ಮರದ ಬೊಡ್ಡೆ, ನಿಮ್ಮ ಗಾಳ ಸಿಕ್ಕಿಹಾಕಿಕೊಳ್ಳಲು ಕಾಯುತ್ತಿದೆ.